ಇಬ್ಬರು ಕಸ್ತೂರಿಯರ ಒಂದೇ ತೆರಿಗೆ

ವರಾಂಡದಲ್ಲಿ ಚಪ್ಪಲಿ ಸಪ್ಪಳ, ಅವಳದೇ ಇರಬೇಕು, ಹಿಮ್ಮಡಿ ಎಳೆದು ನಡೆಯುವ ದರಿದ್ರ ನಡಿಗೆ ಇಡೀ ಕಾಲೇಜಿನಲ್ಲಿ ಅವಳೊಬ್ಬಳದೇ, ಇವತ್ತು ಪರೀಕ್ಷಾ ಕೋಣೆ ಕಾಯುವ ನಮಗೆಲ್ಲ ಚಾಕ್ಕೆ ಬಿಡುವು ಕೊಡುವ ರಿಲೀವರ್ ಅವಳಂತೆ, ಇಲ್ಲಿಗೂ ಬರುತ್ತಾಳೆ, ಬರಲಿ — ಸುರಪುರದ ಬಿಸಿಲು ಕಿಟಕಿಯಿಂದ ನುಗ್ಗಿ ಹುಡುಗಿಯರ ಉತ್ತರಪತ್ರಿಕೆಗಳ ಮೇಲೆ ಕೂತಿದೆ, ನನ್ನ ಬೆನ್ನ ತುಂಬ ಬೆವರು — ಹೆಸರು ಒಂದೇ ನಮ್ಮಿಬ್ಬರದು, ನಾನು ಫಿಸಿಕ್ಸ್ ಕಸ್ತೂರಿ, ಅವಳು ಹಿಸ್ಟರಿ ಕಸ್ತೂರಿ, ವರ್ಷಗಟ್ಟಲೆ ಕೂಡಿ ಉಂಡವರು, ಬೋನಾಳದ ಕೆರೆ ದಂಡೆಯಲ್ಲಿ ಹಕ್ಕಿ ನೋಡುತ್ತ ನನ್ನ ರೊಟ್ಟಿ, ಅವಳ ಪುಂಡಿಪಲ್ಯ, ಥೂ, ಆ ಹುಳಿ ಈಗಲೂ ಬಾಯಿಗೆ ಬರುತ್ತದಲ್ಲ, ನಾಲಿಗೆಗೂ ಮಾನವಿಲ್ಲ.

ತಿಂಗಳು ತಿಂಗಳು ನನ್ನ ಪಗಾರದಲ್ಲಿ ತೆರಿಗೆ ಹಿಡಿದರು, ಹಿಡಿದದ್ದು ಪಗಾರ ಚೀಟಿಯಲ್ಲಿ ಕಾಣುತ್ತಿತ್ತು, ಹಿಡಿದ ಮೇಲೆ ನನ್ನ ಹೆಸರಿಗೇ ಜಮಾ ಆಯಿತೆಂದು ನಂಬಿದ್ದೆ, ಕುರಿಯ ಹಾಗೆ, ಆಮೇಲೆ ಇಲಾಖೆಯ ನೋಟಿಸು, ನೀವು ತೆರಿಗೆ ಕಟ್ಟಿಲ್ಲ, ಬಡ್ಡಿ ಸಮೇತ ಕಟ್ಟಿ — ನಾನು ಕಳ್ಳಿ! ಪೋರ್ಟಲ್ ತೆರೆದರೆ ನನ್ನ ಪ್ಯಾನ್ ಎದುರು ಸೊನ್ನೆ, ಅಕೌಂಟೆಂಟ್ ಅಯ್ಯಣ್ಣ ಎಲೆ ಅಡಿಕೆ ಅಗಿಯುತ್ತ, ಹೆಸರು ಒಂದೇ ಅದಲ್ರಿ ಮೇಡಮ್, ಕಣ್ತಪ್ಪಿ ನಿಮ್ದೂ ಅವರ ಪ್ಯಾನಿಗೇ ಹೋಗ್ಯಾದ, ಕಣ್ತಪ್ಪಿಯಂತೆ, ವರ್ಷವಿಡೀ ತಪ್ಪುವ ಕಣ್ಣು ಯಾತರ ಕಣ್ಣು — ಮತ್ತೆ ಅವಳು, ನನ್ನ ತೆರಿಗೆಯೆಲ್ಲ ರಿಫಂಡ್ ಆಗಿ ತನ್ನ ಬ್ಯಾಂಕಿಗೆ ಬಂದು ಬಿದ್ದಾಗ ಇಷ್ಟೊಂದು ಯಾಕೆ ಬಂತೆಂದು ಒಮ್ಮೆಯಾದರೂ ಕೇಳಬಾರದಿತ್ತೇ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಾನು ಕೇಳಿದ್ದಕ್ಕೆ, ಬಂತು, ತಗೊಂಡೀನಿ, ಖರ್ಚೂ ಆಗ್ಯಾದ, ನಿನ್ ಮನಿಗೆ ಕನ್ನ ಹಾಕೀನೇನ — ಕನ್ನ ಹಾಕುವವರಿಗಾದರೂ ಅಂಜಿಕೆ ಇರುತ್ತದೆ. ಪ್ರಿನ್ಸಿಪಾಲ ಮಹೇಶಕುಮಾರನದು ಇನ್ನೊಂದು ರಾಗ, ಅಕ್ಕತಂಗೇರಿದ್ದಂಗ ಇದ್ದೀರಿ, ಹೊರಗ ಬಗಿಹರಿಸ್ಕೋರಿ, ನಾವ್ಯಾಕ ತಿದ್ದಾಕ ಹೋಗೂಣು, ಆದರೆ ಕಾಲೇಜು ಸಲ್ಲಿಸಿದ ವಿವರವನ್ನು ಕಾಲೇಜೇ ತಿದ್ದಬೇಕು, ನನ್ನಿಂದಲೂ ಆಗದು, ಅವಳಿಂದಲೂ ಆಗದು, ಅಷ್ಟನ್ನು ತಿಳಿದುಕೊಂಡೇ ಹೋಗಿದ್ದೆ, ನೀವು ತಿದ್ದಲಿಲ್ಲಂದ್ರ ನಾ ಕಲಬುರಗಿ ತೆರಿಗೆ ಆಫೀಸಿಗೆ ಹೋಗ್ತೀನ್ರಿ ಸರ್, ಪಗಾರ ಚೀಟಿ ಎಲ್ಲಾ ಅದಾವ, ದನಿ ಏರಿಸಲಿಲ್ಲ, ಸಂಜೆಯೊಳಗೆ ಸಹಿ ಬಿತ್ತು, ಹೇಡಿ. ತಿದ್ದುಪಡಿ ಆಯಿತು, ನನ್ನ ನೋಟಿಸು ಅಳಿಯಿತು, ಅವಳಿಗೆ ಬಂತು, ತಿಂದದ್ದನ್ನು ಬಡ್ಡಿ ಸಮೇತ ಕಕ್ಕು ಎಂದು, ಅವತ್ತು ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಮಿರ್ಚಿ ತಿಂದೆ, ಎಂಥ ಖಾರ, ಎಂಥ ಸುಖ.

ಮೇಡಮ್, ಅಡಿಷನಲ್ ಶೀಟ್ರಿ, ಹಿಂದಿನ ಬೆಂಚಿನ ಹುಡುಗಿ, ಕೊಡುತ್ತೇನೆ, ತಿರುಗಿದರೆ ಬಾಗಿಲಲ್ಲಿ ಅವಳು, ನನ್ನ ಮುಖ ನೋಡದೆ, ಹೋಗು, ಚಾ ಕುಡ್ದು ಬಾ, ನಾ ನಿಂದರ್ತೀನಿ — ಕಿವಿ, ಅವಳ ಕಿವಿಯಲ್ಲಿ ಬರೀ ಕಡ್ಡಿ, ಮದುವೆಯ ಬೆಂಡೋಲೆ ಎಲ್ಲಿ, ನಾನು ಕೇಳಲೇ ಇಲ್ಲ, ಅವಳೇ ಅಂದಳು, ಮಾರಿದೆ, ನೀ ಹಚ್ಚಿದ ನೋಟಿಸಿಗೆ ಕಟ್ಟಬೇಕಿತ್ತಲ್ಲ, ಗಟ್ಟಿಯಾಗಿಯೇ ಅಂದಳು, ಹುಡುಗಿಯರು ತಲೆ ಎತ್ತಿದರು — ಸುಳ್ಳಿ, ನನ್ನಷ್ಟೇ ಪಗಾರ ಎಣಿಸುವವಳು, ಬಸ್ ಸ್ಟ್ಯಾಂಡಿನಲ್ಲಿ ಗಿಲೀಟು ಓಲೆ ಸಿಗುವುದಿಲ್ಲವೇ, ಬೇಕಂತಲೇ, ನನಗೆ ಕಾಣಲೆಂದೇ, ತೂತು ಮುಚ್ಚಬಾರದೆಂದು ಬೇವಿನ ಕಡ್ಡಿ ಚುಚ್ಚಿಕೊಂಡು ಬಂದಿದ್ದಾಳೆ, ನನ್ನದನ್ನು ನಾನು ಕೇಳಿದೆ, ತಪ್ಪನ್ನು ತಿದ್ದಿಸಿದೆ, ಕನಿಕರ ಯಾಕೆ ಪಡಲಿ, ಚಾಕ್ಕೆ ಹೋಗಬೇಕು, ಶೀಟು ಎಣಿಸುತ್ತ ಇಲ್ಲೇ ನಿಂತಿದ್ದೇನೆ, ಅವಳು ಬೆಂಚುಗಳ ನಡುವೆ ತಿರುಗುತ್ತಾಳೆ, ಬಿಸಿಲಿಗೆ ಬಂದಳು, ಕಿವಿ ಕೆಂಪಗೆ ಊದಿದೆ, ಊದಲಿ, ಕೀವಾಗಲಿ, ಈ ಕಡೆ ತಿರುಗಿದಳು, ಆ ಕಿವಿಯಲ್ಲೂ ಕಡ್ಡಿ, ಮತ್ತೆ ಬೆನ್ನು, ಮತ್ತೆ ಕಿವಿ, ಕಡ್ಡಿ, ಹಸಿ ಬೇವಿನ ಕಡ್ಡಿ —