ಆಡೂರಿನ ಬಾಣಂತಿಯ ನಾಡಿ

ನೂರಾ ನಲವತ್ತೆರಡು, ಕೆಂಪಗೆ ಮಿಣುಕುತ್ತಿದೆ, ಮಂಜುಳಾಳ ಕೈಯಲ್ಲಿ ಚಹಾ ಆರುತ್ತಿದೆ, ಆಡೂರಿನ ಬಾಣಂತಿಯ ಮುಂಗೈಗೆ ಕಟ್ಟಿದ ಪಟ್ಟಿ ಅವಳ ನಾಡಿಯನ್ನು ಇಲ್ಲಿ ಹಾನಗಲ್ಲಿನ ದವಾಖಾನೆಯ ಪರದೆಯ ಮೇಲೆ ಕುಣಿಸುತ್ತಿದೆ, ಫೋನು ಹಚ್ಚಿದರೆ ಎತ್ತುವವರಿಲ್ಲ — ಹೆರಿಗೆಯಲ್ಲಿ ಬಿಪಿ ಏರಿದ್ದ ಹುಡುಗಿ, ಇನ್ನೆರಡು ದಿನ ಇಲ್ಲೇ ಇರ್ಲಿ ಅಂದಿದ್ದರು ಇಲ್ಲಿನ ಹಿರಿಯ ನರ್ಸು ನಾಗರತ್ನಾ ಸಿಸ್ಟರು, ಮನಿಗೆ ಕಳಿಸಿದ್ರೂ ಕೈಯಾಗ ಪಟ್ಟಿ ಇರ್ತೈತ್ರಿ ಅಕ್ಕಾ, ಇಲ್ಲಿಂದನ ನೋಡಬಹುದು ಅಂತ ಡಾಕ್ಟರ ಮುಂದೆ ವಾದಿಸಿದವಳು ತಾನೇ, ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅವ್ವ ಸುಮ್ಮನೆ ಅನ್ನುತ್ತಿದ್ದಳೇ. ಶಿಗ್ಗಾವಿಯ ನರ್ಸುಗಳು ಪಟ್ಟಿಗಳನ್ನು ಕಪಾಟಿನಲ್ಲಿಟ್ಟು ಕೀಲಿ ಜಡಿದಿದ್ದರು, ಹಿರೇಕೆರೂರಿನಲ್ಲಿ ನಮ್ಮ ಕೆಲಸಾ ಕಸಗೊಳ್ಳಾಕ ಬಂದೀರೇನ್ರಿ ಅಂತ ಮುಖಕ್ಕೇ ಕೇಳಿದ್ದರು, ಊರೂರು ತಿರುಗಿ ಈ ಪಟ್ಟಿಯ ಬಳಕೆ ಕಲಿಸಲು ಬಂದವಳಿಗೆ ಬರ್ರಿ ಅನ್ನುವ ಒಂದು ಮಾತಿಲ್ಲ, ನಾಗರತ್ನಾ ಸಿಸ್ಟರಂತೂ, ಮುಟ್ಟದ ನಾಡಿ ಯಾವ ನಾಡಿ ತಂಗಿ ಅಂದು ಬೆನ್ನು ತಿರುಗಿಸಿದ್ದರು — ಈಗ ಅವರೇ ಹಿಂದೆ ನಿಂತಿದ್ದಾರೆ, ಬೈಯಬಾರದೇ, ಬೈದರೆ ಹಗುರಾದೀತು, ಆ ಹುಡುಗಿಗೆ ಏನಾದರೂ ಆದರೆ — ಬೇಡ, ಅದನ್ನು ಪೂರ್ತಿ ನೆನೆಯಬಾರದು, ಆಂಬುಲೆನ್ಸ್ ಹೊರಟಿದೆ, ಮತ್ತೆ ರಿಂಗು, ಎತ್ತಿದರು!

ವಿಡಿಯೋದಲ್ಲಿ ಹುಡುಗಿಯ ಅತ್ತೆ ಅಡಿವೆವ್ವ, ಹಿಂದೆ ಲೋಬಾನದ ಹೊಗೆ, ಬಾಣಂತಿ ಗೋಡೆಗೊರಗಿ ಅಂಟಿನುಂಡಿ ಮೆಲ್ಲುತ್ತಿದ್ದಾಳೆ, ನಾಡಿ ಹೀಗೆ ಓಡುವವಳು ಹಾಗೆ ತಿನ್ನುತ್ತಾಳೆಯೇ, ಮುಂಗೈ ಬೋಳು, ಪಟ್ಟಿ ಎಲ್ಲೈತ್ರಿ ಯವ್ವಾ? ಪಟ್ಟೀನಾ, ಅಡಿವೆವ್ವ ನಗುತ್ತಾಳೆ, ಎಣ್ಣಿ ಹಚ್ಚಿ ನೀರು ಎರಿಯೂ ಮುಂದ ಬಿಚ್ಚಿದ್ವಿ, ದವಾಖಾನ್ಯಾಗ ಕೊಟ್ಟ ತಾಯತ ಅಲ್ಲೇನ್ರಿ, ಸೊಸಿಗಿಂತ ಮೊಮ್ಮಗಗ ದೃಷ್ಟಿ ಜಾಸ್ತಿ, ಅವನ ಕಾಲಿಗೆ ಕಟ್ಟೇನಿ. ಕೂಸಿನ ನಾಡಿ! ಕೂಸಿನ ನಾಡಿ ಓಡುವುದೇ ಹಾಗೆ, ದೇವರೇ, ಮಂಜುಳಾ ಆರಿದ ಚಹಾ ಪಕ್ಕಕ್ಕಿಟ್ಟಳು, ಹೋದ ಜೀವ ಬಂದಂತಾಯಿತು, ಆಂಬುಲೆನ್ಸಿಗೆ ವಾಪಸ್ ಬಾ ಅನ್ನಬೇಕು, ಅಷ್ಟರಲ್ಲಿ ನಾಗರತ್ನಾ ಸಿಸ್ಟರು ಫೋನು ಕಸಿದುಕೊಂಡು, ತಾಯತ ಅಲ್ಲ ಯವ್ವಾ, ಅದು ನನ್ನ ಕೈ, ಸೊಸಿ ಮುಂಗೈಗೆ ಕಟ್ಟು, ಬಿಚ್ಚಬ್ಯಾಡ, ನಾ ಇಲ್ಲಿಂದ ಹಿಡಕೊಂಡ ಕುಂತೇನಿ — ಏನಂದರು, ನನ್ನ ಕೈ ಅಂದರೇ? ಪರದೆ ಒಂದು ಗಳಿಗೆ ಖಾಲಿ, ಆಮೇಲೆ ಹಸಿರಾಗಿ ಎಂಬತ್ತು, ಎಪ್ಪತ್ತೆಂಟು, ಸಿಸ್ಟರು ಬಾಗಿ ಪರದೆಯ ಗಾಜಿನ ಮೇಲೆ ಎರಡು ಬೆರಳು ಊರಿದರು, ಕಣ್ಣು ಗಡಿಯಾರದ ಮುಳ್ಳಿನ ಮೇಲೆ, ತುಟಿ ಮೆಲ್ಲಗೆ ಎಣಿಸುತ್ತಿದೆ — ಆ ಎರಡು ಬೆರಳು, ಗಾಜಿನ ಮೇಲೆ ಆ ಎರಡು ಬೆರಳು.