ಮಾಟೆ ಇಲ್ಲದ ಬೆಳಗು

ಹಸಿ ಮಾಟೆ ಎಲೆ ಬೆಂಕಿಗೆ ತಾಕಿ ಚಟಚಟ ಸಿಡಿಯುವಾಗ ಏಳುವ ಹೊಗೆಗಂಪು ಬಾಲ್ಯದಲ್ಲಿ ನನ್ನ ಜಡೆಯಿಂದಲೂ ಬರುತ್ತಿತ್ತು. ಅಮ್ಮ ನಮ್ಮೂರು ಓಬೆರಾದ ತೋಟಗಳಲ್ಲಿ, ಚಹಾದಂತೆ ಬಿಸಿನೀರು ಹಾಕಿ ಕುಡಿಯುವ ಆ ಎಲೆ ಕೊಯ್ಯುತ್ತಿದ್ದಳು.

ಕಾಲೇಜಿನ ಮೊದಲ ರಜೆಯಲ್ಲಿ ನಾನೂ ಕೊಯ್ಲಿಗೆ ಹೋದೆ. ಹತ್ತು ಗಂಟೆಗೆ ಎಲ್ಲರೂ ಸುತ್ತ ಕೂತರು. ಅಮ್ಮ ಸೋರೆಬುರುಡೆಯಲ್ಲಿದ್ದ ಮಾಟೆ ಪುಡಿಗೆ ಬಿಸಿನೀರು ಹುಯ್ದು ಒಬ್ಬೊಬ್ಬರಿಗೇ ಕೊಡುತ್ತಿದ್ದಳು. ಒಂದೇ ಬುರುಡೆ, ಹೀರಲು ಒಂದೇ ಕೊಳವೆ. ಮೇಸ್ತ್ರಿ ಬಾಲ್ಬಿನೊಗೂ ಅದೇ.

"ಇದ್ರಿಂದ ಸುಸ್ತು ಹೋಗಲ್ಲಮ್ಮಾ," ಎಂದೆ, ಕಲಿತ ಜಂಬದಲ್ಲಿ. "ಕಾಫೀಲಿರೋ ಅಂಶಾನೇ ಇದ್ರಲ್ಲೂ ಇದೆ. ಅದು ಸುಸ್ತನ್ನ ಬರೀ ಬಚ್ಚಿಡುತ್ತೆ."

"ಬಚ್ಚಿಡ್ಲಿ ಬಿಡೇ. ಸಂಜೆ ಹುಡುಕ್ಕೊಳ್ತೀನಿ."

ಎಲ್ಲರೂ ನಕ್ಕರು. ಬಾಲ್ಬಿನೊ ನಗಲಿಲ್ಲ.

"ಓದಿದ ಹುಡುಗೀನೇ ಹೇಳ್ತಿದಾಳೆ. ಮತ್ಯಾಕೆ ದಿನಾ ಅರ್ಧ ಗಂಟೆ ದಂಡ? ನಾಳೆ ಮಾಟೆ ಇಲ್ಲ. ಮಧ್ಯಾಹ್ನ ಲಾರಿ ಬರೋ ಹೊತ್ತಿಗೆ ಇವತ್ತಿನಷ್ಟೇ ಮೂಟೆ ಆದ್ರೆ, ಇನ್ಯಾವತ್ತೂ ಇಲ್ಲ."

ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವಂತಾಯಿತು.

ಮರುದಿನ ಹತ್ತಾಯಿತು, ಹನ್ನೊಂದಾಯಿತು. ಒಬ್ಬರ ಆಕಳಿಕೆ ಸಾಲಿನುದ್ದಕ್ಕೂ ಹಬ್ಬಿತು. ಪಕ್ಕದಲ್ಲಿ ಕೊಯ್ಯುತ್ತಿದ್ದ ಎದುವಿಹೆಸ್ ಅತ್ತೆ ಹಣೆ ಒತ್ತಿಕೊಂಡಳು.

"ಏನಮ್ಮಾ ಪಂಡಿತೆ, ನಮ್ಮ ಸುಸ್ತು ಇವತ್ತು ಬಚ್ಚಿಟ್ಕೊಂಡಿಲ್ಲ. ಹೆಗಲ ಮೇಲೇ ಕೂತಿದೆ ನೋಡು!"

"ಸ್ವಲ್ಪ ನಿಧಾನ ಕೊಯ್ಯೋಣಮ್ಮಾ," ಎಂದು ಅಮ್ಮನ ಕಿವಿಯಲ್ಲಿ ಗೋಗರೆದೆ.

"ಮೈಗಳ್ಳತನ ಮಾಡಿ ಗೆದ್ದ ಮಾಟೆ ನನ್ನ ಗಂಟಲಲ್ಲಿ ಇಳಿಯಲ್ಲ. ಕೊಯ್ಯಿ."

ಕೊಯ್ದೆವು. ಮಧ್ಯಾಹ್ನಕ್ಕೆ ನಿನ್ನೆಯಷ್ಟೇ ಮೂಟೆ ಆಗಿಹೋಯಿತು. ನನಗೆ ಅಳುವೇ ಬಂತು.

ಲಾರಿ ಬಂದು ಹಾರ್ನ್ ಹೊಡೆಯಿತು. ತೂಗಬೇಕಾದ ಮೇಸ್ತ್ರಿ ಎಲ್ಲಿ? ಕೊನೆಯ ಮೂಟೆಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಅವನೂ ಅದೇ ಬುರುಡೆಯಿಂದ ಕುಡಿದವನಲ್ಲವೇ! ಎದುವಿಹೆಸ್ ಅತ್ತೆ ನೀರು ಚಿಮುಕಿಸಲು ಹೋದಳು. ಅಮ್ಮ ತಡೆದು, ಅವನ ಮುಖಕ್ಕೆ ಬಿಸಿಲು ಬೀಳದಂತೆ ಟೋಪಿ ಮುಚ್ಚಿದಳು.

ಲಾರಿ ಅರ್ಧ ಗಂಟೆ ಕಾಯಿತು. ಮತ್ತೊಂದು ಹಾರ್ನ್‌ಗೆ ಬಾಲ್ಬಿನೊ ಬೆಚ್ಚಿ ಎದ್ದ. ಮೂಟೆಗಳನ್ನು ಎಣಿಸಿದ. ಲಾರಿಯನ್ನು, ನಮ್ಮನ್ನು, ನೆತ್ತಿಯ ಸೂರ್ಯನನ್ನು ನೋಡಿದ. ಕಿವಿ ಕೆಂಪಾಯಿತು.

"ಮೂಟೆ ಸರಿಯಾಗಿದೆ. ನೀವು ಸೋತ್ರಿ," ಎಂದ. ಆಮೇಲೆ ತಲೆ ಕೆರೆದುಕೊಂಡ. "ಆದ್ರೆ ನಾನೂ ಮಾಟೆ ಕುಡಿಯೋನು ಅನ್ನೋದೇ ಮರೆತಿದ್ದೆ. ನಾಳೆ ಹತ್ತಕ್ಕೆ ಕೂತ್ಕೊಳ್ಳಿ. ಹುಡುಗೀ, ನೀನು ಬಾಯಿ ಬಿಡ್ಬೇಡ!"

"ಇಲ್ಲ ಮೇಸ್ತ್ರೀ!"

ಅವನು ಗಡಿಬಿಡಿಯಲ್ಲಿ ತೂಗಿ ಮುಗಿಸುವಷ್ಟರಲ್ಲಿ ನಮ್ಮೆಲ್ಲರ ಊಟ ಮುಗಿದು ಪಾತ್ರೆ ಖಾಲಿಯಾಗಿತ್ತು. ಅಮ್ಮ ಮಾತ್ರ ಉಂಡಿರಲಿಲ್ಲ. ತನ್ನ ತಟ್ಟೆಯ ಹುರಿದ ಹಿಟ್ಟು, ಬೇಯಿಸಿದ ಮರಗೆಣಸನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಅವನ ಕೈಗಿತ್ತಳು.