ಒಳಗೆ ಬಿಟ್ಟ ಬಟ್ಟೆ

ಮಾನವ ಹಕ್ಕುಗಳ ವಿಷಯದ ಪರೀಕ್ಷೆ ಹತ್ತಿರ ಬಂದಿತ್ತು. ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂತು ಮಗಳು ಗಟ್ಟಿಯಾಗಿ ಓದುತ್ತಿದ್ದಳು. ಎದುರಿಗೆ ಸೋದರಮಾವ ಚಹಾ ಕುಡಿಯುತ್ತಿದ್ದ.

ಮಗಳ ಅಣ್ಣನನ್ನು ಪೊಲೀಸರು ಕಾಲೇಜಿನ ಗೇಟಿನಿಂದಲೇ ಎತ್ತಿಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ಅಂಥವನನ್ನು ನಾವು ಕಂಡೇ ಇಲ್ಲ ಎಂದು ಠಾಣೆಯವರು ಕೈತೊಳೆದುಕೊಂಡಿದ್ದರು. ಕಚೇರಿಯಿಂದ ಕಚೇರಿಗೆ ಅಲೆದು ಅಮ್ಮನ ಚಪ್ಪಲಿ ಸವೆದಿತ್ತು. ಆದರೂ ವರ್ಷಕ್ಕೊಂದು ಅಂಗಿಯನ್ನು ಅವನಿಗೆಂದೇ ಹೊಲಿಯುತ್ತಿದ್ದಳು. ಬೆಳೆಯುವ ಹುಡುಗನೆಂದು ಆಗ ಬಿಡುತ್ತಿದ್ದಂತೆ, ಈಗಲೂ ತೋಳಿನ ಮಡಿಕೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡುತ್ತಿದ್ದಳು.

ಅದನ್ನು ಕಂಡಾಗಲೆಲ್ಲ ಮಾವನ ಬಾಯಿಗೆ ಬರುತ್ತಿದ್ದದ್ದು ಒಂದೇ ಮಾತು.

"ಆಗಿದ್ದು ಆಗಿಹೋಯ್ತು, ಅಕ್ಕ. ಇನ್ನೂ ಎಷ್ಟು ದಿನ ಅದನ್ನೇ ಹಿಡ್ಕೊಂಡಿರ್ತೀಯ?"

ಅಮ್ಮ ಈ ವರ್ಷದ ಅಂಗಿಯ ತೋಳು ಹೊಲಿಯುತ್ತಲೇ ಇದ್ದಳು. ಮಗಳು ಮುಂದಿನ ಪುಟ ಓದಿದಳು: ಸರ್ಕಾರದವರೇ ಒಬ್ಬನನ್ನು ಹಿಡಿದೊಯ್ದು ಬಚ್ಚಿಟ್ಟರೆ, ಅವನಿಗೇನಾಯಿತೆಂದು ತಿಳಿಯುವ ತನಕ ಆ ಅಪರಾಧ ನಡೆಯುತ್ತಲೇ ಇರುತ್ತದೆ. ಅಂತರರಾಷ್ಟ್ರೀಯ ಕಾನೂನು ಅದನ್ನು ಹಾಗೆಯೇ ನೋಡುತ್ತದೆ.

ಯಂತ್ರ ನಿಂತಿತು.

"ಇನ್ನೊಂದ್ಸಲ ಓದು."

ಮಗಳು ತಡೆತಡೆದು ಓದಿದಳು.

"ಪ್ರಪಂಚದೋರೆಲ್ಲ ಕೂತು ಒಪ್ಪಿದ್ದಾ ಇದು?"

"ಎಲ್ರೂ ಒಪ್ಪಿಲ್ಲಮ್ಮ. ತುಂಬಾ ದೇಶದೋರು ಒಪ್ಪಿದಾರೆ."

ಅಮ್ಮ ತಮ್ಮನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದ್ಯಾ? ಆಗಿಹೋಗಿಲ್ವಂತೆ. ಇವತ್ತೂ ಆಗ್ತಾನೇ ಇದೆಯಂತೆ."

ಮಾವ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಬಂದು, ಅದುವರೆಗೆ ಮುಟ್ಟದಿದ್ದ ಆ ಅಂಗಿಯನ್ನು ಎತ್ತಿ ತನ್ನ ಭುಜಕ್ಕೆ ಹಿಡಿದು ನೋಡಿದ.

"ತೋಳು ಗಿಡ್ಡ ಆಯ್ತು, ಅಕ್ಕ," ಎಂದ. "ಬಿಚ್ಚಿ ಉದ್ದ ಮಾಡು. ಇಷ್ಟೊತ್ತಿಗೆ ಅವನು ನನ್ನಷ್ಟೆತ್ತರ ಆಗಿರ್ತಾನೆ."